ನಿಮ್ಮ ಫ್ರಿಜ್ಜಿನಲ್ಲಿ ನನ್ನ ಐಸ್ ಟ್ರೇ

ಕೆಳಗಿನ ಮನೆಯ ಆಂಟಿಗೆ ನಮಸ್ಕಾರ.

ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ನಿಮ್ಮ ಫ್ರಿಜ್ಜಿನಲ್ಲಿ ನನ್ನದೊಂದು ಐಸ್ ಟ್ರೇ ಇಟ್ಟುಕೊಳ್ಳುತ್ತೀರಾ? ಶರಬತ್ತಿಗಲ್ಲ. ಈ ವಾರದಿಂದ ಆನ್‌ಲೈನ್‌ನಲ್ಲಿ ಡಿಬಿಟಿ ಎಂಬ ಮನಸ್ಸಿನ ಚಿಕಿತ್ಸೆ ಶುರು ಮಾಡಿದ್ದೇನೆ. ಸಂಕಟ ಕೈ ಮೀರಿದಾಗ ಅಂಗೈಯಲ್ಲಿ ಐಸು ಹಿಡಿದು ನಿಲ್ಲಬೇಕಂತೆ. ದಿನವೂ ಆ ಸಂಕಟಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಹಾಕಬೇಕು. ನಾನು ಹೊಲಿಗೆಯ ಅಭ್ಯಾಸಬಲದಿಂದ ನಾಲ್ಕೂ ಮುಕ್ಕಾಲು ಎಂದು ಬರೆದೆ. “ಮೊದಲು ಆ ಅಳತೆ ಟೇಪು ಪಕ್ಕಕ್ಕಿಡಿ” ಎಂದು ಥೆರಪಿಸ್ಟ್ ಮೇಡಂ ನಕ್ಕರು. ನಾನೂ ನಕ್ಕೆ. ಈ ಕೋಣೆಯಲ್ಲಿ ನನ್ನ ನಗು ಕೇಳಿ ನನಗೇ ಒಂಥರಾ ಆಯಿತು.

ಆಮೇಲೆ ಅವರು, “ಏನಾದ್ರೂ ಆದ್ರೆ ಬಂದು ನೋಡೋಕೆ ಹತ್ತಿರದಲ್ಲಿ ಯಾರಿದ್ದಾರೆ? ಅವರ ನಂಬರ್ ಕೊಡಿ” ಎಂದರು. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದೆ. ಕೊನೆಗೆ ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ನಂಬರ್ ಕೊಟ್ಟುಬಿಟ್ಟೆ. ಬೇಡವೆಂದರೆ ತೆಗೆಸುತ್ತೇನೆ, ಖಂಡಿತ ಬೇಜಾರಿಲ್ಲ.

ಟ್ರೇ ತೊಳೆದು ನಿಮ್ಮ ಬಾಗಿಲ ಬಳಿ ಇಟ್ಟಿದ್ದೇನೆ. ಐಸಿಗೆಂದು ಬಂದಾಗ ನನ್ನ ಮುಖ ನೋಡಿ ಗಾಬರಿಯಾಗಬೇಡಿ, ಏನೂ ಕೇಳಲೂ ಬೇಡಿ. ಬಾಗಿಲು ತೆಗೆದರೆ ಸಾಕು.

ಇನ್ನೊಂದು ವಿಷಯ. ಹೋದ ತಿಂಗಳು ನೀವು ಮೆಟ್ಟಿಲು ಹತ್ತಿ ಬಂದು, “ಯಾರ ಹತ್ರ ಅಷ್ಟೊಂದು ಜಗಳ ಆಡ್ತಿದ್ದೆಯಮ್ಮಾ?” ಎಂದು ಕೇಳಿದಿರಿ. ಫೋನಿನಲ್ಲಿ ತಮ್ಮನ ಹತ್ತಿರ ಎಂದೆ. ಅವತ್ತು ನನ್ನನ್ನೇ ನಾನು ಬೈದುಕೊಳ್ಳುತ್ತಿದ್ದೆ.

ನನಗೆ ತಮ್ಮನೇ ಇಲ್ಲ, ಆಂಟಿ.

ಇಂತಿ,
ಮೇಲಿನ ಮನೆಯ ಟೈಲರ್