ಕಾಲಲ್ಲಿ ತುಳಿಯುವ ಮೆಷಿನ್

ಜೂನ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಪತ್ರಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈದರೂ ಪರವಾಗಿಲ್ಲ, ನಿನ್ನ ಬೈಗುಳ ಕೇಳಿಯೇ ಎಷ್ಟು ಕಾಲವಾಯಿತು! ಫೋನ್ ಮಾಡೋಣವೆಂದರೆ ನನ್ನದು ಕೆಟ್ಟು ಕೂತಿದೆ. "ಮನೇಲೇ ಇರೋಳಿಗೆ ಫೋನ್ ಯಾಕೆ? ನಂದೊಂದಿದ್ರೆ ಸಾಲ್ದಾ?" ಅನ್ನುತ್ತಾರೆ ಇವರು.

ಹೊಸ ಮನೆ ಚೆನ್ನಾಗಿದೆ. ಆರನೇ ಮಹಡಿ, ಎರಡು ಕೋಣೆ. ಸುತ್ತ ಇನ್ನೂ ಕಟ್ಟುತ್ತಲೇ ಇದ್ದಾರೆ. ಬೆಳಿಗ್ಗೆ ಒರೆಸಿದ ನೆಲದ ಮೇಲೆ ಮಧ್ಯಾಹ್ನ ಸಿಮೆಂಟ್ ಧೂಳಿನಲ್ಲಿ ಹೆಸರು ಬರೆಯಬಹುದು. ಇಲ್ಲಿ ಗ್ಯಾಸ್ ಇಲ್ಲ. ಒಲೆ, ಗೀಸರ್, ನನ್ನ ಹೊಲಿಗೆ ಮೆಷಿನ್, ಎಲ್ಲ ಕರೆಂಟಿನದೇ. ಇಡೀ ಮನೆಯ ಸ್ವಿಚ್ಚು ಇವರ ಫೋನಿನಲ್ಲಿದೆ. ಆಫೀಸಿನಲ್ಲಿ ಕೂತೇ ದೀಪ ಹಾಕಬಹುದು, ಆರಿಸಬಹುದು. ಬಂದವರಿಗೆಲ್ಲ ತೋರಿಸಿ ಮೀಸೆ ತಿರುವುತ್ತಾರೆ. ಮೀಸೆ ಇಲ್ಲ, ಆ ಮಾತು ಬೇರೆ.

ಆದರೆ ಕರೆಂಟಿನದೇ ಗೋಳು. ಮೊನ್ನೆ ಶಾಲೆಯೊಂದರ ಸಮವಸ್ತ್ರ ಹೊಲಿಯುತ್ತಿದ್ದೆ. ಅರ್ಧ ತೋಳಿಗೇ ಸೂಜಿ ನಿಂತುಬಿಟ್ಟಿತು. ಒಲೆಯ ಮೇಲಿದ್ದದ್ದು ಅತ್ತ ಅಕ್ಕಿಯೂ ಅಲ್ಲ, ಇತ್ತ ಅನ್ನವೂ ಅಲ್ಲ. ಎದುರುಮನೆಯ ನರ್ಸಮ್ಮ ಬಂದು, "ಏನ್ರೀ, ನಮ್ಮನೇಲೆಲ್ಲಾ ಇದೆ, ನಿಮ್ಮನೆಗೊಂದಕ್ಕೇ ಏನು ಗ್ರಹಚಾರ?" ಎಂದು ಕೇಳಿದರು. "ವೈರಿಂಗ್ ಸರಿಯಿಲ್ಲ ಕಣ್ರೀ" ಎಂದೆ. ಅನ್ನವನ್ನು ಅವರ ಒಲೆಯ ಮೇಲೆ ಬೇಯಿಸಿ ತಂದೆ. ಬಟ್ಟೆ ಹೊತ್ತಿಗೆ ಮುಗಿಯಲಿಲ್ಲವೆಂದು ಶಾಲೆಯವರು ಕೆಲಸವನ್ನೇ ವಾಪಸ್ ತೆಗೆದುಕೊಂಡರು. 

ಮಗಳನ್ನು ಓದಿಗೆ ಇಲ್ಲಿ ಬಿಡಲೇ ಎಂದು ಕೇಳಿದ್ದೀಯಲ್ಲ, ಈಗ ಬೇಡ. ಅವಳ ಪಾಠವೆಲ್ಲ ಕಂಪ್ಯೂಟರಿನಲ್ಲಿ. ಇಲ್ಲಿ ಕರೆಂಟು ಹೋದರೆ ಇಂಟರ್ನೆಟ್ಟೂ ಹೋಗುತ್ತದೆ. ಚಿಕ್ಕಮ್ಮನಿಗೆ ನಾನು ಭಾರವಾದೆನಾ ಅಂದುಕೊಂಡಾಳು, ಸಮಾಧಾನ ಹೇಳು.

ಇನ್ನೊಂದು ಕೆಲಸ. ಅಮ್ಮನ ತುಳಿಯುವ ಮೆಷಿನ್ ನಿನ್ನ ಹತ್ತಿರ ಇದೆಯಲ್ಲ, ಯಾವುದಾದರೂ ಲಾರಿಯಲ್ಲಿ ಕಳಿಸುತ್ತೀಯಾ? ಹಳೇ ಕಬ್ಬಿಣವೆಂದು ನಾನೇ ಮೂಗು ಮುರಿದಿದ್ದೆ. ಅದಕ್ಕಾದರೆ ನನ್ನ ಕಾಲಿದ್ದರೆ ಸಾಕು.

ಭಾವನಿಗೆ ನಮಸ್ಕಾರ. ಹುಡುಗಿಗೆ ಆಶೀರ್ವಾದ: ಚೆನ್ನಾಗಿ ಓದಲಿ, ತನ್ನದೇ ಫೋನ್ ಇಟ್ಟುಕೊಳ್ಳಲಿ.

ನಿನ್ನ
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿತ್ತು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ವೈರಿಂಗ್ ಸರಿಯಾಗಿಯೇ ಇದೆ, ಅಕ್ಕ. ನಾನು ಎದುರು ಮಾತಾಡಿದ ದಿನವೇ ಕರೆಂಟು ಹೋಗುವುದು. ಆಫೀಸಿನಿಂದ ಇವರೇ ಆರಿಸುತ್ತಾರೆ. ಆ ಸಮವಸ್ತ್ರದ ದಿನ ಬೆಳಿಗ್ಗೆ ನಾನು ಕೇಳಿದ್ದು ಇಷ್ಟೇ, ಹೊಲಿದ ದುಡ್ಡಿನಲ್ಲಿ ನನ್ನ ಫೋನ್ ರಿಪೇರಿ ಮಾಡಿಸಿಕೊಳ್ಳಲಾ ಅಂತ. ಸಂಜೆ ಬಂದು ಕತ್ತಲಲ್ಲೇ ನಿಂತು, "ಬುದ್ಧಿ ಬಂತಾ?" ಎಂದರು. ನಾನು "ಬಂತು" ಎಂದೆ. ಆಮೇಲೆ ದೀಪ ಹಾಕಿದರು.

ಉತ್ತರವನ್ನು ನರ್ಸಮ್ಮನ ಹೆಸರಿಗೆ ಬರೆ. ಮೆಷಿನ್ ಕಳಿಸಬೇಡ. ಎಣ್ಣೆ ಬಿಟ್ಟು, ಒರೆಸಿ, ಕಿಟಕಿಯ ಹತ್ತಿರ ಹಾಕಿಡು. ನಾನೇ ಬರುತ್ತೇನೆ.