ಚೊಗರು ಹತ್ತಿದ ಬೆರಳು

ಅಕ್ಕಾ, ಎಲ್ಲಿದ್ದರೂ ಒಂದು ಗಳಿಗೆ ಕೂತು ಇದನ್ನು ಓದು,

ನಿನ್ನ ಮಗಳು ಪೂರ್ಣಿ ನನ್ನ ಮುಂದೆ ಮಲಗಿದ್ದಾಳೆ. ನೀನು ನಮ್ಮನ್ನು ಬಿಟ್ಟು ಹೋದ ಅದೇ ಆಸ್ಪತ್ರೆ, ಅದೇ ವಾರ್ಡು. ಬೈಯಬೇಡ ಮಾರಾಯ್ತಿ, ಬೇರೆ ದಾರಿ ಇರಲಿಲ್ಲ. ಬೆಳಿಗ್ಗೆ ಭಾವ ಕಡಹಿನಬೈಲಿನಿಂದ ಫೋನ್ ಮಾಡಿ "ಸರೋಜಾ, ಕೂಸಿಗೆ ಉಸ್ರು ಸಿಕ್ತಾ ಇಲ್ಲ ಕಣೇ" ಅಂದಾಗ, ಹೊಲಿಗೆ ಅಂಗಡಿಯ ಬಾಗಿಲನ್ನೂ ಎಳೆಯದೆ ಓಡಿದೆ. ಸೀದಾ ಮಣಿಪಾಲಕ್ಕೇ ಹೋಗೋಣ ಅಂದೆ. "ಆಗುಂಬೆ ಘಾಟಿ ಇಳಿಯೋವರೆಗೆ ಈ ಹುಡುಗಿ ತಡ್ಕೊಳ್ತದಾ ಅಮ್ಮಾ?" ಅಂದ ಜೀಪಿನವನು. ಅವಳ ಮುಖ ನೋಡಿ ಇಲ್ಲಿಗೇ ತಿರುಗಿಸು ಅಂದೆ. ಹತ್ತಿರ ಇದ್ದದ್ದು ಇದೊಂದೇ.

ನಿನ್ನನ್ನು ಇಲ್ಲಿಗೆ ಕರೆತಂದ ದಿನ ನೆನಪಿದೆಯಾ? ಅಡಿಕೆ ಸುಲಿಯುವ ಸೀಸನ್ನು. ಜ್ವರ ಮೈ ಸುಡುತ್ತಿದ್ದರೂ ಮೆಟ್ಟುಕತ್ತಿ ಬಿಟ್ಟು ಏಳಲಿಲ್ಲ ನೀನು, ಎಳೆದುಕೊಂಡೇ ಬರಬೇಕಾಯಿತು. ಡಾಕ್ಟರು ನ್ಯುಮೋನಿಯಾ ಅಂದರು. ನಿನ್ನ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿದರು, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಮಿಷನ್ನಿನದು. ತೊಂಬತ್ತೈದರ ಮೇಲಿರಬೇಕಂತೆ. ನಿನ್ನದು ಎಂಬತ್ತರ ಆಚೀಚೆ. ಮಿಷನ್ನು ಕೂಗಲು ಶುರುಮಾಡಿತು. ಲಿಸಿ ಸಿಸ್ಟರ್ ಬಂದರು, ನಿನ್ನ ಕೈ ತಿರುಗಿಸಿ ನೋಡಿದರು, ನಕ್ಕರು. "ಅಡಿಕೆ ಕೈ ಅಲ್ವೇನಮ್ಮಾ, ಇದು ಹಾಗೇ ತೋರ್ಸೋದು. ಈ ಸೀಸನ್ನಲ್ಲಿ ಬರೋರ್ದೆಲ್ಲ ಇದೇ ಕತೆ" ಎಂದು ಗುಂಡಿ ಒತ್ತಿ ಸದ್ದು ನಿಲ್ಲಿಸಿದರು.

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಹಸಿ ಅಡಿಕೆ ಸುಲಿದ ಬೆರಳು ಅದರ ರಸದ ಚೊಗರು ಹತ್ತಿ ಕಪ್ಪಾಗಿರುತ್ತದೆ, ಕಪ್ಪು ಬೆರಳಿನಲ್ಲಿ ಆ ಮಿಷನ್ನಿನ ಬೆಳಕು ಸರಿಯಾಗಿ ಹಾಯದೆ ಕೆಲವೊಮ್ಮೆ ನಂಬರು ಕಡಿಮೆ ಬರುತ್ತದಂತೆ. ನಮ್ಮ ಕಡೆಯ ಎಷ್ಟೋ ಹೆಂಗಸರ ಕೈ ನೋಡಿ ನೋಡಿ ಅವರಿಗೆ ಅಭ್ಯಾಸವಾಗಿತ್ತು. ಹಾಗಂತ ಕಪ್ಪು ಕೈಯವರಿಗೆ ನಿಜವಾಗಿ ಉಸಿರು ಕಟ್ಟುವುದೇ ಇಲ್ಲವಾ? ಯಾರನ್ನು ಕೇಳಲಿ ಇದನ್ನು?

ಮಧ್ಯಾಹ್ನ ನೀನು ಸೆರಗು ಕಿತ್ತೆಸೆದು ಚಡಪಡಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದೆ. "ಪಾಪ, ಈಗ ನಿದ್ದೆ ಹತ್ತಿದೆ, ಎಬ್ಬಿಸ್ಬೇಡಿ" ಅಂದರು ಲಿಸಿ ಸಿಸ್ಟರ್. ಅಷ್ಟರಲ್ಲಿ ಡ್ಯೂಟಿ ಬದಲಾಯಿತು. ಹೊಸದಾಗಿ ಬಂದವಳಿಗೆ "ತುಟಿ ನೀಲಿಯಾಗಿದೆ, ನೋಡಿ" ಅಂದೆ. "ಕವಳ ಹಾಕೋರ ತುಟಿ ಮತ್ತೆ ಹೆಂಗಿರ್ತದೆ? ಅಡಿಕೆ ಕೈ ಅಂತ ಲಿಸಿ ಸಿಸ್ಟರ್ ಹೇಳಿ ಹೋಗಿದಾರಲ್ಲ" ಎಂದಳು. ನೀನು ಎಲೆಯಡಿಕೆ ಹಾಕುತ್ತಿದ್ದವಳೇ, ಇಲ್ಲ ಅನ್ನುವುದಿಲ್ಲ. ಆದರೆ ಸದ್ದಿಲ್ಲದೆ ಮಿಣುಕುತ್ತಿದ್ದ ಆ ನಂಬರಿನ ಕಡೆ ಒಮ್ಮೆ ತಿರುಗಿ ನೋಡಬಾರದಿತ್ತೇ? ಸಂಜೆ ಟೆಂಪರೇಚರ್ ನೋಡಲು ಬಂದವಳು ನಿನ್ನ ಕೈ ಮುಟ್ಟಿದವಳೇ ಕಿರುಚಿದಳು. ಆಮೇಲೆ ನಡೆದದ್ದನ್ನು ನಾನು ಬರೆಯಲಾರೆ ಅಕ್ಕ, ನಿನಗೆ ಗೊತ್ತಿರುವುದೇ...

ಮಣ್ಣಿಗೆ ಬಂದವರೆಲ್ಲ ನನ್ನ ಬಾಯಿ ಮುಚ್ಚಿಸಿದರು. "ಆಯಸ್ಸು ಅಷ್ಟೇ ಇತ್ತು ಬಿಡು" ಅಂದರು. ಎಂತ ಆಯಸ್ಸು? ಆ ನಂಬರು ಚೊಗರಿನದ್ದಾ, ನಿನ್ನದಾ ಎಂಬುದು ನನಗೆ ಬೇಕಿತ್ತು. ಯಾರಿಗೂ ಗೊತ್ತಿರಲಿಲ್ಲ. ಬ್ಲೌಸಿಗೆ ಗುಂಡಿ ಹಚ್ಚುವಾಗ, ಅನ್ನ ಬಸಿಯುವಾಗ, ಶೃಂಗೇರಿ ಬಸ್ಸಿಗೆ ಕಾಯುವಾಗ ಅದೊಂದೇ ಪ್ರಶ್ನೆ. ನನಗೆ ತಲೆ ಕೆಟ್ಟಿದೆ ಅಂತ ಭಾವನೂ ಅಂದರು. ಕೆಟ್ಟಿತ್ತು ಅಂತಲೇ ಇಟ್ಟುಕೋ.

"ಈ ಕೂಸಿನ ಕೈಗೆ ಚೊಗರು ಹತ್ತೋದು ಬೇಡ, ನಿನ್ನ ಹೊಲಿಗೆ ಮಿಷನ್ ಮುಂದೆ ಕೂರ್ಸು" ಅಂತ ಹೇಳುತ್ತಿದ್ದೆಯಲ್ಲ, ಕೂರಿಸಿದೆ. ಈಗ ನನಗಿಂತ ಚೆನ್ನಾಗಿ ಕತ್ತರಿ ಹಾಕುತ್ತಾಳೆ. ಆದರೆ ನಿನ್ನದೇ ಹಟ ಅವಳಿಗೂ. ಸ್ವಂತ ಮಿಷನ್ ತೆಗೆಯಬೇಕು ಚಿಕ್ಕಿ, ಇದೊಂದು ಸೀಸನ್ ಸುಲಿಯಕ್ಕೆ ಹೋಗ್ತೀನಿ ಅಂದಳು. ನಾನು ಕೂಗಾಡಿದೆ. ಕೇಳಿದಳಾ?

ಇವತ್ತು ಅವಳ ಬೆರಳಿಗೆ ಕ್ಲಿಪ್ಪು ಹಾಕಿದ ಕೂಡಲೇ ಮಿಷನ್ನು ಅದೇ ರಾಗ ತೆಗೆಯಿತು. ಎಪ್ಪತ್ತೆಂಟು. ಲಿಸಿ ಸಿಸ್ಟರೇ ಬಂದರು. ನನ್ನ ಗುರುತು ಹತ್ತಲಿಲ್ಲ. ಪೂರ್ಣಿಯ ಕೈ ತಿರುಗಿಸಿ "ಓ, ಅಡಿಕೆ ಕೈ" ಅಂದರು, ಬರುತ್ತೇನೆ ಎಂದು ಪಕ್ಕದ ಮಂಚಕ್ಕೆ ಹೋದರು. ಎದುರಿನ ಹೋಟೆಲಿಗೆ ಓಡಿ ನಿಂಬೆಹಣ್ಣು ಬೇಡಿ ತಂದು ಅವಳ ಬೆರಳು ಉಜ್ಜಲು ಕೂತೆ. ಕಪ್ಪು ಹೋಗಲಿಲ್ಲ, ಚರ್ಮ ಕೆಂಪಾಯಿತು. "ಚಿಕ್ಕಿ, ಉರೀತದೆ" ಅಂದಳು. ಅಷ್ಟು ಹೇಳುವುದಕ್ಕೇ ಮೂರು ಸಲ ಉಸಿರು ಎಳೆದಳು. ನಾನು ಉಜ್ಜುತ್ತಲೇ ಇದ್ದೆ ಅಕ್ಕ. ಆ ಹಾಳು ಮಿಷನ್ನಿಗೆ ನಮ್ಮ ಕೂಸು ಕಾಣಬೇಕಲ್ಲ!

ಸಿಸ್ಟರ್ ತಿರುಗಿ ಬಂದು ಸದ್ದು ನಿಲ್ಲಿಸಲು ಗುಂಡಿಯ ಕಡೆ ಕೈ ಚಾಚಿದರು. ಅವರ ಕೈ ಹಿಡಿದುಕೊಂಡೆ. "ಅದನ್ನ ಒತ್ತಿದ್ರೆ ಇಲ್ಲೇ ತಲೆ ಚಚ್ಚಿಕೊಂಡು ಸಾಯ್ತೀನಿ. ಇದೇ ಮಾತು ಹೇಳಿ ನಮ್ಮಕ್ಕನ್ನ ಮಲಗ್ಸಿದ್ರಿ. ಇವಳು ಅವಳ ಮಗಳು" ಅಂತ ಕಿರುಚಿದೆ. ವಾರ್ಡೆಲ್ಲ ನಮ್ಮನ್ನೇ ನೋಡುತ್ತಿತ್ತು. ಅವರು ನನ್ನ ಮುಖ ನೋಡಿದರು, ಪೂರ್ಣಿಯ ಮುಖ ನೋಡಿದರು. ನಿನ್ನದೇ ಮುಖವಲ್ಲವಾ ಅವಳದು? ಸಿಸ್ಟರ್ ಅವಳ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟು, ಕ್ಲಿಪ್ಪನ್ನು ಕಿವಿಗೆ ಸಿಕ್ಕಿಸಿದರು. ಕಿವಿಗೆ ಎಲ್ಲಿಯ ಚೊಗರು?

ಎಪ್ಪತ್ತೇಳು.

ಸಿಸ್ಟರ್ ಓಡಿದರು. ಅವರು ಓಡುವುದನ್ನು ನಾನು ಇದೇ ಮೊದಲು ನೋಡಿದ್ದು. ಡಾಕ್ಟರು ಬಂದರು, ಮುಖಕ್ಕೆ ಮಾಸ್ಕು, ಪಕ್ಕದಲ್ಲಿ ಸಿಲಿಂಡರು. ನಂಬರು ನಿಧಾನಕ್ಕೆ ಏರುತ್ತಿದೆ, ಆದರೆ ಸಾಲದು, ಮಣಿಪಾಲಕ್ಕೇ ಹೋಗಬೇಕು ಅಂದಿದ್ದಾರೆ. ಈಗ ನೂರೆಂಟು ಅಂತ ಒಂದು ಗಾಡಿ ಬಂದಿದೆ ಅಕ್ಕ, ನಿನಗೆ ಗೊತ್ತಿಲ್ಲ. ಫೋನ್ ಮಾಡಿದರೆ ಬರುತ್ತದೆ, ಒಳಗೇ ಆಕ್ಸಿಜನ್ ಇರುತ್ತದೆ. ಕೊಪ್ಪ ದಾಟಿದೆಯಂತೆ. ಅದಕ್ಕೆ ಕಾಯುತ್ತಾ, ಕೈ ಸುಮ್ಮನಿರಲಾರದೆ ಅಳತೆ ಚೀಟಿಯ ಹಿಂದೆ ನಿನಗೆ ಇದನ್ನು ಗೀಚುತ್ತಿದ್ದೇನೆ. ಲಿಸಿ ಸಿಸ್ಟರ್ ಅವಳ ಮಂಚ ಬಿಟ್ಟು ಕದಲಿಲ್ಲ. ಈಗಷ್ಟೇ ನನ್ನ ಕಡೆ ನೋಡದೆ "ಅವತ್ತು ನಾನು ಕಿವಿಗೆ ಹಾಕಿ ನೋಡ್ಲಿಲ್ಲ" ಅಂದರು.

ಹಾಗಾದರೆ ನಿನ್ನ ನಂಬರೂ ನಿಜವೇ ಇತ್ತು ಅಕ್ಕ. ಆ ಮಧ್ಯಾಹ್ನವೆಲ್ಲ ನಿನ್ನ ಬೆರಳು ನಿಜವನ್ನೇ ಹೇಳುತ್ತಿತ್ತು. ಒಂದು ಓಲೆ ಬಿಚ್ಚುವಷ್ಟು ಕೆಲಸ. ಅಷ್ಟೇ ಇದ್ದದ್ದು. ಇದಕ್ಕೆ ನಾನು ಯಾರ ಮೇಲೆ ಕೂಗಲಿ, ಎಷ್ಟು ಕೂಗಲಿ?

ಗಾಡಿ ಬಂದ ಸದ್ದಾಯಿತು. ಪೂರ್ಣಿ ಮಾಸ್ಕಿನೊಳಗಿಂದ "ಅಮ್ಮಾ, ಅಮ್ಮಾ" ಅನ್ನುತ್ತಿದ್ದಾಳೆ, ನಿನ್ನನ್ನೇ ಕರೆಯುತ್ತಿದ್ದಾಳೆ. ಕೇಳಿಸುತ್ತಿದೆಯಾ? ನಿನ್ನ ಕಾಲಿಗೆ ಬೀಳುತ್ತೇನೆ ಅಕ್ಕಾ, ಓಗೊಡಬೇಡ. ಎಷ್ಟು ಕರೆದರೂ ಓಗೊಡಬೇಡ. ನಾನು ಓಗೊಡುತ್ತೇನೆ.

ನಿನ್ನ ಸರೋಜ