ಸರೋಜಳ ಲಂಗದ ಮೂರು ಮಡಿಕೆ

ಮಲ್ಲಂದೂರು, ೧೯೩೪

ತಮ್ಮಾ ಬೆಳ್ಳಿಯಪ್ಪ,

ಆಶೀರ್ವಾದವನ್ನು ಕೊನೆಗೆ ಬರೆಯುತ್ತೇನೆ. ಮೊದಲು ಬೈಗುಳ ತಗೋ.

ನಿನ್ನೆ ಲಕ್ಕಯ್ಯನ ಗಾಡಿಯಲ್ಲಿ ಮಗಳನ್ನು ಕಳಿಸಿ, ಅವನ ಬಾಯಲ್ಲಿ ಹೇಳಿಸಿದೆಯಲ್ಲ: "ಸರೋಜಮ್ಮನ ಲಂಗದ ಮಡಿಕೆ ಎಲ್ಲಾ ಬಿಚ್ಚಿ ಉದ್ದ ಮಾಡ್ಬೇಕಂತೆ ಅಮ್ಮಾ. ವಸ್ತಾರೆ ಎಸ್ಟೇಟಿನೋರು ಹೆಣ್ಣು ನೋಡಕ್ಕೆ ಬರ್ತಾರಂತೆ. ದೊಡ್ಡೋಳ ಹಾಗೆ ಕಾಣ್ಬೇಕಂತೆ." ನಿನ್ನ ಮಗಳಿಗೆ ಹತ್ತು ತುಂಬಿ ಹನ್ನೊಂದು, ಮಾರಾಯ! ನಾಚಿಕೆ ಅನ್ನುವುದು ಇದೆಯೋ ಇಲ್ಲವೋ ನಿನಗೆ?

ಆ ಹಸಿರು ಲಂಗ ಹೊಲಿದವಳು ನಾನು. ಹೋದ ಗೌರಿ ಹಬ್ಬಕ್ಕೆ, ಕೈಯಲ್ಲೇ. ಬೆಳೆಯುವ ಮಗು ಎಂದು ಅಂಚಿನ ಮೇಲೆ ಮೂರು ಮಡಿಕೆ ಹಾಕಿ ಒಳಗಡೆಗೆ ಹೊಲಿದಿದ್ದೆ. ನಮ್ಮ ಕಡೆ ಎಲ್ಲರೂ ಹಾಗೇ ತಾನೆ ಹೊಲಿಯುವುದು? ವರ್ಷಕ್ಕೊಂದು ಬಿಚ್ಚಿದರೆ ಲಂಗ ಹುಡುಗಿಯ ಜೊತೆಗೇ ಉದ್ದವಾಗುತ್ತದೆ. ಅಷ್ಟನ್ನೂ ಒಂದೇ ದಿನ ಬಿಚ್ಚು ಎನ್ನುತ್ತೀಯಲ್ಲ, ಹುಡುಗಿ ಒಂದೇ ದಿನದಲ್ಲಿ ಬೆಳೆದುಬಿಡುತ್ತಾಳೇನೋ?

ಆದರೂ ಬಿಚ್ಚಿದೆ. ನೀನು ಏನು ಕೇಳುತ್ತಿದ್ದೀಯ ಎಂದು ಕಣ್ಣಾರೆ ನೋಡಬೇಕಿತ್ತು. ಲಂಗ ನೆಲ ಗುಡಿಸಿತು. ಎದೆಯವರೆಗೆ ಏರಿಸಿ ಲಾಡಿ ಬಿಗಿದು ಕಟ್ಟಿದೆ. "ಉಸಿರು ಕಟ್ತದೆ ಅತ್ತೆ" ಅಂದಳು. ಸಡಿಲ ಮಾಡಿದೆ. ಕಾಫಿ ಕಣಕ್ಕೆ ಇಳಿದು ಕುಂಟೆಬಿಲ್ಲೆ ಆಡಲು ಹೋದವಳು ಅಂಚು ತುಳಿದು ಬಿದ್ದು ಮಂಡಿ ತರಚಿಕೊಂಡಳು. ಅಳಲಿಲ್ಲ. "ಅತ್ತೆ, ಮದುವೆ ಆದ್ಮೇಲೂ ಇದನ್ನೇ ಹಾಕ್ಕೊಂಡು ಆಡ್ಬೇಕಾ?" ಎಂದು ಕೇಳಿದಳು. ಅದಕ್ಕೆ ಉತ್ತರ ನೀನೇ ಹೇಳು.

ಇನ್ನೊಂದು ಕೇಳು, ಜಾಣ. ಒಗೆದೂ ಒಗೆದೂ ಲಂಗದ ಬಣ್ಣ ಮಾಸಿದೆ. ಮಡಿಕೆಯ ಒಳಗಿದ್ದ ಬಟ್ಟೆ ಮಾತ್ರ ಹೊಸದರ ಹಾಗೇ ಇದೆ. ಬಿಚ್ಚಿದ ಕಡೆ ಮೂರು ಕಡುಹಸಿರು ಪಟ್ಟಿ ಎದ್ದು ಕಾಣುತ್ತವೆ. ಹೆಣ್ಣು ನೋಡಲು ಬರುವ ಹೆಂಗಸರಿಗೆ ಕಣ್ಣಿಲ್ಲವೇ? ಅವರೂ ತಮ್ಮ ಮಕ್ಕಳಿಗೆ ಲಂಗ ಹೊಲಿದವರೇ. ಕಂಡೂ ಕಾಣದ ಹಾಗೆ ಕಾಫಿ ಕುಡಿಯುತ್ತಾರೆ. ನನಗೆ ಮೈ ಉರಿಯುವುದು ಅದಕ್ಕೇ.

ನನ್ನನ್ನು ನೋಡಲು ಬಂದಾಗಲೂ ಅವ್ವ ಹೀಗೇ ಬಿಚ್ಚಿದ್ದಳು. ನೀನು ಆಗ ತೊಟ್ಟಿಲಲ್ಲಿದ್ದೆ. ಬಂದವರ ಕಣ್ಣು ನನ್ನ ಲಂಗದ ಪಟ್ಟಿಗಳ ಮೇಲೆ ನಿಂತಿದ್ದನ್ನು ನಾನು ನೋಡಿದೆ. ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ ಎಂದು ಕಾದೆ. ಒಬ್ಬರೂ ಬಿಡಲಿಲ್ಲ ಕಣೋ.

ಇವತ್ತು ಬೆಳಿಗ್ಗೆ ಮೂರು ಮಡಿಕೆಯನ್ನೂ ಮತ್ತೆ ಹಾಕಿದೆ, ಎರಡೆಳೆ ದಾರದಲ್ಲಿ. ಲಂಗ ಕಣಕಾಲಿನ ಮೇಲೆ ಸರಿಯಾಗಿ ಕೂತಿದೆ. ಸರೋಜ ಇಲ್ಲೇ ಇರುತ್ತಾಳೆ. ವಸ್ತಾರೆಯವರಿಗೆ ನೀನೇ ಕಾಫಿ ಕೊಟ್ಟು ಕಳಿಸು. ಎಸ್ಟೇಟಿನವರ ಬೀಗತನ ಅಷ್ಟೊಂದು ಬೇಕಾಗಿದ್ದರೆ ನೀನೇ ಲಂಗ ತೊಟ್ಟು ಚಾಪೆ ಮೇಲೆ ಕೂತ್ಕೋ.

ಅವಳನ್ನು ಕರೆದೊಯ್ಯಲು ಬರಬೇಡ, ಬಾಗಿಲು ತೆಗೆಯುವುದಿಲ್ಲ. ಮಡಿಕೆಗಳನ್ನು ನಾನೇ ಬಿಚ್ಚುತ್ತೇನೆ, ಅವಳು ಬೆಳೆದ ಹಾಗೆ, ಒಂದೊಂದಾಗಿ. ಮೂರನೆಯದೂ ಬಿಚ್ಚಿ, ಆ ಲಂಗವೂ ಅವಳಿಗೆ ಗಿಡ್ಡವಾದ ಮೇಲೆ ಮದುವೆಯ ಮಾತು ತಾ. ಆಗಲೂ ನನ್ನನ್ನಲ್ಲ, ಅವಳನ್ನು ಕೇಳು.

ಈಗ ಆಶೀರ್ವಾದ: ನಿನ್ನ ಹೊಟ್ಟೆ ತಣ್ಣಗಿರಲಿ, ಬುದ್ಧಿಯೂ ಬರಲಿ.

ಸಿಟ್ಟಿನಲ್ಲೇ ಇರುವ ನಿನ್ನ ಅಕ್ಕ,
ಪಾಪಮ್ಮ